ಏರ್‌ಬ್ಯಾಗ್ ಲೈಟ್ ಆರ್ತಾನೇ ಇಲ್ಲ, ಮೀಟರ್ ಹಿಡಿದು ನಾನೇ ನೋಡ್ಬಹುದಾ?

ಕೋಡಿಬಾಗ_ಕಾರು

ಎಲ್ರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೀತಾ ಇದ್ದೇನೆ, ಉದ್ದ ಆದ್ರೆ ಬೈಬೇಡಿ.

ಕಾರು 2017ರದ್ದು, ಪೆಟ್ರೋಲ್ ಹ್ಯಾಚ್‌ಬ್ಯಾಕ್, ಟಾಪ್ ಮಾಡೆಲ್ ಅಂದ್ರೆ ಆರು ಏರ್‌ಬ್ಯಾಗಿಂದು, ಕೆಎ 30 ಪಾಸಿಂಗ್, ನಾನು ಎರಡನೇ ಓನರ್. ಜುಲೈಲಿ ಒಂದು ರಾತ್ರಿ ಡ್ರೈವರ್ ಸೈಡ್ ಗ್ಲಾಸ್ ನಾಲ್ಕು ಬೆರಳು ಇಳಿಸಿದ್ದು ಹಾಗೇ ಮರೆತು ಮಲಗಿಬಿಟ್ಟೆ. ನಮ್ಮ ಕಾರವಾರದ ಮಳೆ ಗೊತ್ತಲ್ಲ ನಿಮಗೆ, ಬೆಳಿಗ್ಗೆ ಬಾಗಿಲು ತೆಗೆದ್ರೆ ಕಾಲಿಡೋ ಜಾಗದಲ್ಲಿ ನೀರು ಪಚಪಚ ಅಂತಿತ್ತು. ಸೀಟ್ ಹಿಂದೆ ಮುಂದೆ ಎಳೆದು ಬಟ್ಟೆಯಲ್ಲಿ ಒರೆಸಿ, ಕಾರ್ಪೆಟ್ ಅಡಿಗೆ ಹಳೇ ಪೇಪರ್ ತುರುಕಿ ತುರುಕಿ ಒಂದು ವಾರ ಒಣಗಿಸಿದೆ. ವಾಸನೆ ಮಾತ್ರ ಚೌತಿವರೆಗೂ ಹೋಗ್ಲಿಲ್ಲ, ಅದು ಬೇರೆ ವಿಷಯ.

ಈಗ ತೊಂದರೆ ಎಂತಾ ಅಂದ್ರೆ ಹೋದ ತಿಂಗಳಿಂದ ಏರ್‌ಬ್ಯಾಗ್ ಲೈಟ್ ಹತ್ತಿಕೊಂಡೇ ಇದೆ. ಶುರುವಲ್ಲಿ ಬಿಣಗಾ ಹತ್ರ ರಸ್ತೆ ಕುಲುಕಿದ್ರೆ ಹತ್ತುದು, ಮತ್ತೆ ಗಾಡಿ ಬಂದ್ ಮಾಡಿ ಶುರು ಮಾಡಿದ್ರೆ ಆರುದು, ಹಾಗೆ ಆಡ್ತಿತ್ತು. ಈಗ ಪರ್ಮನೆಂಟ್. ಇನ್ನೊಂದು, ಇದಕ್ಕೂ ಅದಕ್ಕೂ ಸಂಬಂಧ ಇದ್ಯೋ ಇಲ್ವೋ, ಹಾರ್ನ್ ಕೂಡ ಒಮ್ಮೊಮ್ಮೆ ಹೊಡೀತದೆ ಒಮ್ಮೊಮ್ಮೆ ಇಲ್ಲ.

ಇಲ್ಲೇ ಒಂದು ಗ್ಯಾರೇಜಲ್ಲಿ ತೋರಿಸ್ದೆ. ಅವ "ಲೈಟೇ ಅಲ್ವಾ ನಿನ್ನ ತಲೆಬಿಸಿ, ಡ್ಯಾಶ್‌ಬೋರ್ಡಿನ ಮೀಟರ್ ಬಿಚ್ಚಿ ಬಲ್ಬ್ ಕಟ್ ಮಾಡಿ ಕೊಡ್ತೆ, ಮುನ್ನೂರು ಕೊಡು" ಅಂದ. ಬೇಡ ಅಂತ ವಾಪಸ್ ಬಂದೆ. ನಾನು ಐಟಿಐ ಎಲೆಕ್ಟ್ರಿಷಿಯನ್, ಮನೆ ವೈರಿಂಗ್ ಪಂಪು ಮೋಟ್ರು ಎಲ್ಲ ದಿನಾ ಮಾಡುದೇ, ಒಳ್ಳೆ ಮಲ್ಟಿಮೀಟರ್ ಇದೆ. ಬ್ಯಾಟರಿ ಮೈನಸ್ ತೆಗೆದು, ಕನೆಕ್ಟರ್ ಬಿಚ್ಚಿ, ಓಮ್ಸಲ್ಲಿ ಹಿಡಿದು ಯಾವ ಏರ್‌ಬ್ಯಾಗಿನ ಸರ್ಕ್ಯೂಟ್ ಓಪನ್, ಅಂದ್ರೆ ಕಡಿದು ಹೋಗಿದೆ ಅಂತ ನೋಡ್ಬಹುದಲ್ವಾ? ಯೂಟ್ಯೂಬಲ್ಲಿ ಒಬ್ಬ ಮಾಡಿದ್ದ. ಮನೇಲಿ ಹೆಂಡತಿ "ಅದು ಬಾಂಬು, ಮುಟ್ಟಬೇಡಿ" ಅಂತ ಕೂತಿದ್ದಾಳೆ.

ಸಿರ್ಸಿ_ಪೇಟೆ

ತಮಾ, ಸೀಟ್ ಅಡಿಗೆ ಹಳದಿ ಕನೆಕ್ಟರ್ ಇರ್ತು ನೋಡು. ನೀ ಸೀಟ್ ಎಳೆದಾಡಿದ್ದೆ ಹೇಳ್ತೆ, ಅದೇ ಸಡಿಲ ಆಗಿರ್ತು. ನಂದೂ ಹಂಗೇ ಆಗಿತ್ತು, ಮಗಳು ಸೀಟ್ ಕೆಳಗೆ ಬಿದ್ದ ಮೊಬೈಲ್ ತೆಗೆಯಲೆ ಹೋಗಿ ವೈರ್ ಎಳೆದಿತ್ತು. ಒತ್ತಿ ಕೂರ್ಸಿದ್ದೆ ಸರಿ ಆತು.

ಜುಗಾಡ್_30

ಇದಕ್ಕೆಲ್ಲ ಹುಬ್ಬಳ್ಳಿ ಗೋವಾ ಅಂತ ಅಲೀಬೇಡಿ ಬ್ರೋ. ಕನೆಕ್ಟರ್ ತೆಗೆದು ಅಲ್ಲಿ ಒಂದು ರೆಸಿಸ್ಟರ್ ಸಿಕ್ಕಿಸಿ, ಕಂಪ್ಯೂಟರ್‌ಗೆ ಏರ್‌ಬ್ಯಾಗ್ ಇದೆ ಅಂತನೇ ಅನ್ಸ್ತದೆ, ಲೈಟ್ ಆಫ್. ಐದು ರೂಪಾಯಿ ಕೆಲಸ. ನಾ ಎಷ್ಟೋ ಗಾಡಿಗೆ ಮಾಡಿಕೊಟ್ಟಿದ್ದೇನೆ.

ಹಳದಿ_ವೈರು

ಮೇಲಿನವ್ರಿಗೆ ಆಮೇಲೆ ಬರ್ತೆ, ಮೊದಲು ಪ್ರಶ್ನೆ ಕೇಳಿದವ್ರಿಗೆ.

ಮಲ್ಟಿಮೀಟರ್ ಪೆಟ್ಟಿಗೆಯಲ್ಲೇ ಇರ್ಲಿ ಮಾರಾಯ್ರೆ. ನಾನು ಹನ್ನೊಂದು ವರ್ಷ ಸರ್ವಿಸ್ ಸ್ಟೇಷನ್‌ಗಳಲ್ಲಿ ಇದೇ ಕೆಲಸ ಮಾಡಿದವ, ಈಗ ಕುಮಟೆ ಕಡೆ ಸ್ವಂತ ನೋಡ್ಕೊಂಡಿದ್ದೇನೆ. ನಿಮ್ಮ ಹೆಂಡತಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಏರ್‌ಬ್ಯಾಗ್ ಅಂದ್ರೆ ಗಾಳಿ ತುಂಬಿಟ್ಟ ಚೀಲ ಅಲ್ಲ, ಒಳಗೆ ಒಂದು ಲೋಹದ ಡಬ್ಬಿ, ಅದ್ರಲ್ಲಿ ಉರಿದು ಗ್ಯಾಸ್ ಆಗೋ ಮದ್ದು, ಅದಕ್ಕೆ ಬೆಂಕಿ ಕೊಡೋಕೆ ಕೂದಲಿನಂಥ ಒಂದು ತಂತಿ. ಆ ತಂತಿಯ ರೆಸಿಸ್ಟೆನ್ಸ್ ಸುಮಾರು ಎರಡು ಓಮ್. ಒಂದೂಕಾಲು ಆಂಪಿಯರ್ ಆಸುಪಾಸು ಕರೆಂಟು ಒಂದೆರಡು ಮಿಲಿಸೆಕೆಂಡ್ ಹೋದ್ರೆ ಸಾಕು, ಚೀಲ ಹೊರಗೆ. ಪೂರ್ತಿ ಉಬ್ಬೋಕೆ ಹೆಚ್ಚಂದ್ರೆ 50 ಮಿಲಿಸೆಕೆಂಡ್, ನೀವು ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಎಲ್ಲ ಮುಗಿದಿರ್ತದೆ.

ನೀವು ಎಲೆಕ್ಟ್ರಿಷಿಯನ್, ಹಾಗಾಗಿ ನನ್ನ ಡಿಜಿಟಲ್ ಮೀಟರ್ ಅಷ್ಟೊಂದು ಕರೆಂಟ್ ಬಿಡೂದಿಲ್ಲ ಅಂತ ಹೇಳ್ತೀರಿ, ಗೊತ್ತು, ಹೌದು ಬಿಡೂದಿಲ್ಲ, ಒಳ್ಳೆ ಮೀಟರ್ ಓಮ್ಸಲ್ಲಿ ಬಿಡುದು ಮಿಲಿಆಂಪಲ್ಲಿ, ಆದ್ರೆ ಹಳೇ ಮುಳ್ಳಿನ ಮೀಟರ್ ಇದ್ಯಲ್ಲ ಅದು ಸಣ್ಣ ರೇಂಜಲ್ಲಿ ಜಾಸ್ತಿನೇ ಬಿಡ್ತದೆ, ಮತ್ತೆ ಕೈತಪ್ಪಿ ನಾಬ್ ಬೇರೆ ಕಡೆ ತಿರುಗಿದ್ರೆ, ಟೆಸ್ಟ್ ಲ್ಯಾಂಪ್ ಹಿಡಿದ್ರೆ, ಪ್ರೋಬ್ ಜಾರಿ ಪಕ್ಕದ ಲೈವ್ ಪಿನ್ನಿಗೆ ತಾಗಿದ್ರೆ? ಅದಕ್ಕೇ ಎಲ್ಲ ಕಂಪನಿಯ ಮ್ಯಾನ್ಯುಯಲ್‌ನಲ್ಲೂ ಏರ್‌ಬ್ಯಾಗ್‌ನ ಓಮ್ಸ್ ನೇರ ಅಳೀಬೇಡಿ ಅಂತ ದಪ್ಪ ಅಕ್ಷರದಲ್ಲಿ ಇರುದು. ಇನ್ನೊಂದು ನಿಮಗೆ ಕುತೂಹಲಕ್ಕೆ ಹೇಳ್ತೆ. ಆ ಹಳದಿ ಕನೆಕ್ಟರ್ ಬಿಚ್ಚಿದ ಕೂಡ್ಲೆ ಏರ್‌ಬ್ಯಾಗ್ ಕಡೆಯ ಎರಡು ಪಿನ್ನೂ ಒಳಗಿನ ಒಂದು ಸಣ್ಣ ಸ್ಪ್ರಿಂಗ್ ಪಟ್ಟಿಯಿಂದ ತಾನಾಗೇ ಶಾರ್ಟ್ ಆಗಿ ಕೂತ್ಕೊಳ್ತವೆ, ಕೈಯ ಸ್ಟ್ಯಾಟಿಕ್ ಕರೆಂಟಿಗೆ ಸಿಡೀಬಾರ್ದು ಅಂತ. ನೀವು ಪ್ರೋಬ್ ತುರುಕಿದ್ರೆ ಮೊದಲು ಹಾಳಾಗುದು ಆ ಪಟ್ಟಿ. ಅಂದ್ರೆ ಇದ್ದ ಒಂದು ಕಾವಲುಗಾರನ್ನೂ ನೀವೇ ಓಡ್ಸಿದ ಹಾಗೆ.

ನಾವು ಹೇಗೆ ಹುಡುಕ್ತೇವೆ ಅಂದ್ರೆ, ಸ್ಕ್ಯಾನರ್ ಹಾಕಿ ಕೋಡ್ ಓದುದು. ಯಾವ ಸರ್ಕ್ಯೂಟು, ಓಪನ್ನೋ, ಶಾರ್ಟೋ, ರೆಸಿಸ್ಟೆನ್ಸ್ ಹೆಚ್ಚೋ ಎಲ್ಲ ಅದೇ ಹೇಳ್ತದೆ. ಆನ್‌ಲೈನಲ್ಲಿ ಐನೂರು ಆರ್ನೂರಕ್ಕೆ ಬರೋ ಬ್ಲೂಟೂತ್ ಡಬ್ಬಿ ಹೆಚ್ಚಿನವು ಇಂಜಿನ್ ಕೋಡ್ ಮಾತ್ರ ಓದ್ತವೆ, ಏರ್‌ಬ್ಯಾಗಿಂದು ಬಿ ಅಕ್ಷರದಿಂದ ಶುರು ಆಗೋ ಕೋಡು, ಅದಕ್ಕೆ ಏರ್‌ಬ್ಯಾಗ್ ಮಾಡ್ಯೂಲ್, ಅಂದ್ರೆ ಏರ್‌ಬ್ಯಾಗಿನ ಕಂಪ್ಯೂಟರ್, ಓದೋ ಸ್ಕ್ಯಾನರೇ ಬೇಕು. ಆಮೇಲೆ ಅನುಮಾನ ಇರೋ ಏರ್‌ಬ್ಯಾಗ್ ಬಿಚ್ಚಿ, ಆ ಜಾಗಕ್ಕೆ ಎರಡು ಓಮಿನ ಡಮ್ಮಿ ಲೋಡ್ ಹಾಕಿ ಮತ್ತೆ ಕೋಡ್ ನೋಡುದು. ಡಮ್ಮಿ ಹಾಕಿದಾಗ ಕೋಡ್ ಹೋದ್ರೆ ಏರ್‌ಬ್ಯಾಗಿಂದೇ ತೊಂದ್ರೆ, ಹೋಗ್ಲಿಲ್ಲ ಅಂದ್ರೆ ವೈರಿಂಗಿಂದು. ಏರ್‌ಬ್ಯಾಗಿಗೆ ಮೀಟರ್ ಮುಟ್ಟಿಸೋ ಪ್ರಸಂಗವೇ ಬರೂದಿಲ್ಲ.

ನಿಮ್ಮ ಹಾರ್ನ್ ವಿಷಯ ಕೇಳಿದ ಮೇಲೆ ನನಗೆ ನೂರಕ್ಕೆ ತೊಂಬತ್ತು ಪಾಲು ಕ್ಲಾಕ್ ಸ್ಪ್ರಿಂಗ್ ಅನ್ಸ್ತದೆ. ಸ್ಟೇರಿಂಗ್ ವೀಲ್ ಅಡಿಗೆ ಗಡಿಯಾರದ ಸ್ಪ್ರಿಂಗ್ ಥರ ಸುತ್ತಿಟ್ಟ ಪಟ್ಟಿ ಕೇಬಲ್ ಅದು, ವೀಲ್ ತಿರುಗಿದ್ರೂ ಹಾರ್ನಿಗೂ ಏರ್‌ಬ್ಯಾಗಿಗೂ ಕರೆಂಟ್ ತಪ್ಪಬಾರ್ದು ಅಂತ. ಅದ್ರಲ್ಲಿ ಒಂದು ಎಳೆ ಸೀಳಿದ್ರೆ ಹಾರ್ನೂ ಹೋಗ್ತದೆ ಲೈಟೂ ಹತ್ತುತ್ತದೆ. ಸಿರ್ಸಿಯವ್ರು ಹೇಳಿದ ಸೀಟ್ ಕನೆಕ್ಟರೂ ಇರ್ಬಹುದು, ಇಲ್ಲ ಅನ್ನೂದಿಲ್ಲ.

ಈಗ ರೆಸಿಸ್ಟರ್ ಬ್ರೋ. ಎರಡು ಓಮ್ ಡಮ್ಮಿ ನಮಗೆ ಹುಡುಕೋ ಸಾಮಾನು, ಕೆಲಸ ಮುಗಿದ್ಮೇಲೆ ತೆಗೀತೇವೆ. ನೀವು ಅದನ್ನೇ ಖಾಯಂ ಬಿಟ್ಟು ಗಾಡಿ ಕೊಡ್ತೀರಿ. ಆ ಗಾಡಿ ನಾಳೆ ದೇವಿಮನೆ ಘಟ್ಟದಲ್ಲಿ ಟಿಪ್ಪರಿಗೆ ತಾಗಿದ್ರೆ ಕಂಪ್ಯೂಟರ್ ಸರಿಯಾಗೇ ಕರೆಂಟ್ ಬಿಡ್ತದೆ, ನಿಮ್ಮ ಐದು ರೂಪಾಯಿ ರೆಸಿಸ್ಟರ್ ಬಿಸಿ ಆಗ್ತದೆ, ಅಷ್ಟೆ. ಎಷ್ಟೋ ಗಾಡಿಗೆ ಮಾಡಿದ್ದೇನೆ ಅಂತ ಹೆಮ್ಮೆಯಲ್ಲಿ ಬರ್ದಿದ್ದೀರಿ, ಆ ಗಾಡಿಯವ್ರಿಗೆಲ್ಲ ಫೋನ್ ಮಾಡಿ ಹೇಳಿ ದಯವಿಟ್ಟು.

ಜುಗಾಡ್_30

ಓನರೇ ಕೇಳಿದ್ರೆ ಎಂತ ಮಾಡುದು. ಎಲ್ರ ಹತ್ರನೂ ಹೊಸ ಏರ್‌ಬ್ಯಾಗ್ ಹಾಕೋ ದುಡ್ಡು ಇರೂದಿಲ್ಲ ಸರ್.

ಹಳದಿ_ವೈರು

ದುಡ್ಡಿಲ್ಲ ಅಂದ್ರೆ ಲೈಟ್ ಉರೀತಾ ಇರ್ಲಿ. ಕೊನೇಪಕ್ಷ ಕೂತವ್ರಿಗೆ ಏರ್‌ಬ್ಯಾಗ್ ಇಲ್ಲ ಅಂತ ಗೊತ್ತಾದ್ರೂ ಆಗ್ತದೆ.

ಕೋಡಿಬಾಗ_ಕಾರು

ಹಳದಿ ವೈರು ಅಣ್ಣ, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ, ಥ್ಯಾಂಕ್ಸ್. ಮೀಟರ್ ಬಿಟ್ಟೆ, ಆಣೆ. ಆದ್ರೆ ಸೀಟ್ ಕೆಳಗೆ ಒಂದ್ಸಲ ಟಾರ್ಚ್ ಹಾಕಿ ನೋಡಿ, ಕನೆಕ್ಟರ್ ಸಡಿಲ ಇದ್ರೆ ಒತ್ತಿ ಕೂರಿಸುದಾದ್ರೂ ಮಾಡ್ಬಹುದಾ? ಬ್ಯಾಟರಿ ಮೈನಸ್ ತೆಗೆದ್ರೆ ಸಾಕಲ್ಲ? ಮೈನಸ್ ತೆಗೆದ ಮೇಲೆ ಕರೆಂಟೇ ಇಲ್ಲ, ಮತ್ತೆ ಭಯ ಎಂಥದು ಅಂತ ನನ್ನ ಲೆಕ್ಕ. ಮತ್ತೆ ಮ್ಯೂಸಿಕ್ ಸಿಸ್ಟಮ್ ಕೋಡ್ ಕೇಳ್ತದೆ ಅಂತ ಒಬ್ರು ಹೆದರ್ಸಿದ್ರು, ಅದಕ್ಕೆ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಸಿಗರೇಟ್ ಸಾಕೆಟ್ಟಿಗೆ ಕೊಟ್ಟು ಇಟ್ಕೊಳ್ಳುವ ಅಂತ ಮಾಡಿದ್ದೆ.

ಹಳದಿ_ವೈರು

ಒಳ್ಳೇದಾಯ್ತು ಕೇಳಿದ್ರಿ! ಆ ಸಣ್ಣ ಬ್ಯಾಟರಿ ಐಡಿಯಾ ಮಾತ್ರ ಬೇಡವೇ ಬೇಡ. ಮೆಮೊರಿ ಉಳಿಸೋಕೆ ಅಂತ ಆ ಥರ ಬೇರೆ ಕಡೆಯಿಂದ ಸಪ್ಲೈ ಕೊಟ್ರೆ ಏರ್‌ಬ್ಯಾಗ್ ಮಾಡ್ಯೂಲಿಗೂ ಸಪ್ಲೈ ಹೋಗ್ತಾ ಇರಬಹುದು, ಆಮೇಲೆ ನೀವು ಮೈನಸ್ ತೆಗೆದದ್ದಕ್ಕೆ ಅರ್ಥ ಎಂತಾ? ಬೇರೆ ರಿಪೇರಿಗೆ ನಾವೂ ಹಾಗೆ ಮಾಡ್ತೇವೆ, ಏರ್‌ಬ್ಯಾಗ್ ಕೆಲಸಕ್ಕೆ ಮಾಡೂದಿಲ್ಲ. ರೇಡಿಯೋ ಕೋಡ್ ಮೊದಲೇ ಬರೆದಿಟ್ಕೊಳ್ಳಿ, ಗಡಿಯಾರ ಮತ್ತೆ ಸೆಟ್ ಮಾಡಿದ್ರಾಯ್ತು.

ಇನ್ನು ಮೈನಸ್ ತೆಗೆದ ಕೂಡ್ಲೆ ಕರೆಂಟಿಲ್ಲ ಅಂತ ಹೇಳಿದ್ರಲ್ಲ, ಅಲ್ಲೇ ಎಲ್ರೂ ಎಡವುದು. ನೀವು ಪಂಪಿನ ಕೆಲಸ ಮಾಡೋರು, ಮೋಟ್ರಿನ ಕೆಪಾಸಿಟರ್ ಮುಟ್ಟಿ ಒಂದ್ಸಲ ಆದ್ರೂ ಹೊಡೆಸಿಕೊಂಡಿರ್ಬೇಕಲ್ಲ? ಅದೇ ಕಥೆ ಇಲ್ಲೂ. ಆಕ್ಸಿಡೆಂಟಲ್ಲಿ ಮೊದಲ ಪೆಟ್ಟಿಗೇ ಬ್ಯಾಟರಿ ಜಜ್ಜಿ ವೈರ್ ತುಂಡಾಗ್ಬಹುದು, ಆದ್ರೂ ಏರ್‌ಬ್ಯಾಗ್ ತೆರೀಬೇಕು, ಹಾಗಾಗಿ ಮಾಡ್ಯೂಲ್ ಒಳಗೇ ಕೆಪಾಸಿಟರ್ ಚಾರ್ಜ್ ಇಟ್ಕೊಂಡಿರ್ತದೆ. ಬ್ಯಾಟರಿ ತೆಗೆದ ಮೇಲೂ ಸ್ವಲ್ಪ ಹೊತ್ತು ಅದು ಜೀವಂತ. ಎಷ್ಟು ಹೊತ್ತು ಅನ್ನುದು ಕಂಪನಿಗೊಂದು ಥರ, ಟೊಯೊಟಾದವ್ರು 90 ಸೆಕೆಂಡ್ ಅಂತಾರೆ, ಹೋಂಡಾದವ್ರು 3 ನಿಮಿಷ. ನನ್ನ ಪದ್ಧತಿ ಕೇಳಿದ್ರೆ, ಕೀ ಆಫ್ ಮಾಡಿ ಹೊರಗೆ ತೆಗೆದು, 10 ನಂಬರ್ ಸ್ಪ್ಯಾನರಲ್ಲಿ ಮೈನಸ್ ಬಿಚ್ಚಿ, ಟರ್ಮಿನಲ್ ವಾಪಸ್ ಹಾರಿ ತಾಗದ ಹಾಗೆ ಬಟ್ಟೆ ಸುತ್ತಿ ಪಕ್ಕಕ್ಕಿಟ್ಟು, ಚಾ ಕುಡಿದು ಬರ್ತೆ. ಹತ್ತು ಹದಿನೈದು ನಿಮಿಷ. ಹುಡುಗ್ರಿಗೂ ಹಾಗೇ ಕಲ್ಸಿದ್ದೇನೆ, ಚಾ ಕುಡೀದೇ ಹಳದಿ ಮುಟ್ಟಬಾರ್ದು ಅಂತ. ಅದಾದ ಮೇಲೆ ಸೀಟ್ ಕೆಳಗೆ ನೋಡಿ, ಕನೆಕ್ಟರ್ ಅರ್ಧ ಹೊರಗೆ ಬಂದಿದ್ರೆ ಟಿಕ್ ಅನ್ನೋ ತನಕ ಒತ್ತಿ. ಅಷ್ಟು ಮಾತ್ರ. ವೈರ್ ಕಟ್ ಮಾಡಿ ಕೂಡಿಸಿ ಟೇಪ್ ಸುತ್ತುದು, ಬೆಸುಗೆ ಹಾಕುದು, ಪಿನ್ನನ್ನ ಉಪ್ಪುಕಾಗದದಲ್ಲಿ ಉಜ್ಜುದು ಇದೆಲ್ಲ ಬೇಡ. ಎರಡು ಓಮಿನ ಸರ್ಕ್ಯೂಟಲ್ಲಿ ಅರ್ಧ ಓಮ್ ಹೆಚ್ಚು ಕಮ್ಮಿ ಆದ್ರೂ ಅದಕ್ಕೆ ಗೊತ್ತಾಗ್ತದೆ.

ವಾಪಸ್ ಬ್ಯಾಟರಿ ಕೊಡ್ಬೇಕಾದ್ರೆ ಗಾಡಿ ಒಳಗೆ ಯಾರೂ ಕೂರ್ಬಾರ್ದು, ಮಕ್ಕಳಂತೂ ಹತ್ರವೂ ಬೇಡ. ಕನೆಕ್ಟರೆಲ್ಲ ಕೂತ ಮೇಲೇ ಮೈನಸ್ ಕೊಡಿ. ಮೊದಲ ಸಲ ಕೀ ಆನ್ ಮಾಡ್ಬೇಕಾದ್ರೆ ಸೀಟಲ್ಲಿ ಕೂರದೆ, ಏರ್‌ಬ್ಯಾಗ್ ತೆರೆಯೋ ದಾರಿಗೆ ಮುಖ ಎದೆ ಬರದ ಹಾಗೆ ಬಗಲಿಗೆ ನಿಂತು ಕೈ ಮಾತ್ರ ಒಳಗೆ ಹಾಕಿ ತಿರುಗಿಸಿ. ಮತ್ತೆ ಕನೆಕ್ಟರ್ ಬಿಚ್ಚಿಟ್ಟೇ ಏನಾಗ್ತದೆ ನೋಡುವ ಅಂತ ಕೀ ಆನ್ ಮಾಡಬೇಡಿ, ಇನ್ನೊಂದು ಕೋಡ್ ಕೂತ್ಕೊಳ್ತದೆ, ಅದನ್ನ ಅಳಿಸೋಕೂ ಸ್ಕ್ಯಾನರೇ ಬೇಕು.

ಸ್ಟೇರಿಂಗ್ ಮಾತ್ರ ಬಿಚ್ಚಬೇಡಿ. ಒಂದು ಸಲ ನನ್ನ ಜೊತೆ ಕೆಲಸ ಮಾಡ್ತಿದ್ದ ಹುಡುಗ, ಹೆಸರು ಬೇಡ, ಸ್ಟೇರಿಂಗ್ ಏರ್‌ಬ್ಯಾಗ್ ತೆಗೆದು ಎದೆಗೆ ಅವಚಿಕೊಂಡು ಮಗು ಎತ್ತಿಕೊಂಡ ಹಾಗೆ ಬಂದ, ತಂದು ಟೇಬಲ್ ಮೇಲೆ ಕವುಚಿ ಇಟ್ಟ. ಏನೂ ಆಗ್ಲಿಲ್ಲ ದೇವರ ದಯೆ. ಆದ್ರೆ ಸಿಡಿದಿದ್ರೆ? ಮುಖ ಕೆಳಗೆ ಇದ್ರೆ ಚೀಲಕ್ಕೆ ಹೋಗ್ಲಿಕ್ಕೆ ಜಾಗ ಇಲ್ಲ, ಆ ಇಡೀ ಲೋಹದ ಗಡ್ಡೆಯೇ ಮಾಡಿಗೆ ಹಾರ್ತದೆ. ಹಿಡ್ಕೊಂಡ್ರೆ ಕವರ್ ಇರೋ ಮುಖ ಮೈಯಿಂದ ಆಚೆಗೆ, ಇಟ್ರೆ ಕವರ್ ಮೇಲೆ ಮಾಡಿ, ಅದರ ಮೇಲೆ ಒಂದು ಸ್ಕ್ರೂಡ್ರೈವರ್ ಕೂಡ ಇಡಬಾರ್ದು. ಸಾಗಾಟದ ಕಾಗದದಲ್ಲಿ ಇದಕ್ಕೆ ಅಪಾಯಕಾರಿ ಸಾಮಾನಿನ ಯುಎನ್ 3268 ಅಂತ ನಂಬರೇ ಇದೆ, ಹೊಸ ಏರ್‌ಬ್ಯಾಗ್ ಬರೋ ಪೆಟ್ಟಿಗೆ ಮೇಲೆ ನೋಡಿ.

ಗಂಗಾವಳಿ_ದಡ

ಒಂದು ಸೇರಿಸ್ತೇನೆ. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿಗೆ ಐದಾರು ವರ್ಷಕ್ಕೆ ಫ್ಲೋರ್ ತುಕ್ಕು ಹಿಡೀತದೆ, ಟಿಂಕರಿಂಗ್ ಅಂಗಡಿಗೆ ಕೊಟ್ರೆ ಅವ್ರು ಸೀದಾ ವೆಲ್ಡಿಂಗ್ ಹೊಡೀತಾರೆ. ನನ್ನ ಭಾವನ ಗಾಡಿಗೆ ಅಂಕೋಲೆಲಿ ಹಾಗೇ ಬ್ಯಾಟರಿ ತೆಗೀದೆ ಪ್ಯಾಚ್ ಹಾಕಿದ್ರು, ಮೂರನೇ ದಿನ ಏರ್‌ಬ್ಯಾಗ್ ಲೈಟ್. ಮಾಡ್ಯೂಲೇ ಹೋಗಿತ್ತು. ಅದು ಇರುದು ಗೇರ್ ಲಿವರ್ ಹತ್ರ ನಡುವಲ್ಲಿ, ಫ್ಲೋರಿಗೇ ಬೋಲ್ಟ್ ಮಾಡಿರ್ತಾರೆ. ವೆಲ್ಡಿಂಗಿಗೆ ಕೊಡೋ ಮೊದಲು ಬ್ಯಾಟರಿ ತೆಗೆದು ಏರ್‌ಬ್ಯಾಗ್ ಮಾಡ್ಯೂಲ್ ಕನೆಕ್ಟರೂ ಬಿಚ್ಚಿಸಿ. ಮತ್ತೆ ಅದ್ರ ಒಳಗೆ ಪೆಟ್ಟು ಅಳೆಯೋ ಸೆನ್ಸರ್ ಇರ್ತದೆ, ಕೀ ಆನ್ ಇಟ್ಟು ಅಲ್ಲೇ ಪಕ್ಕದಲ್ಲಿ ಸುತ್ತಿಗೆ ಬೀಸುದು ಬೇಡ.

ಹಳದಿ_ವೈರು

ಸರಿಯಾದ ಮಾತು. ಮಾಡ್ಯೂಲ್ ವಾಪಸ್ ಕೂರಿಸ್ಬೇಕಾದ್ರೆ ಅದ್ರ ಮೇಲೆ ಬಾಣದ ಗುರುತು ಇದ್ರೆ ಗಾಡಿ ಮುಖದ ಕಡೆಗೇ ಇರ್ಬೇಕು, ಬೋಲ್ಟ್ ಪೂರ್ತಿ ಬಿಗಿದ ಮೇಲೇ ಕನೆಕ್ಟರ್. ನೀರು ನುಗ್ಗಿದ ಗಾಡಿಗಳಲ್ಲಿ ನಾ ಮೊದಲು ನೋಡುದೂ ಅಲ್ಲೇ, ಕಾರ್ಪೆಟ್ ಅಡಿಯ ನೀರು ಹರಿದು ಬಂದು ನಿಲ್ಲುದು ಅದರ ಬುಡದಲ್ಲಿ.

ಮಾಜಾಳಿ_ಗಡಿ

ಈ ಥ್ರೆಡ್ ಓದಿ ನನಗೆ ಬೇರೆಯೇ ಭಯ ಶುರು ಆಯ್ತು. ನಾನು ಮುಂದಿನ ವಾರ ಗೋವಾ ಪಾಸಿಂಗ್ ಸೆಕೆಂಡ್ ಹ್ಯಾಂಡ್ ಒಂದು ತಕೊಳ್ಳೋಕೆ ಹೊರಟಿದ್ದೇನೆ, 2015ರ ಮಾಡೆಲ್. ಅದ್ರಲ್ಲಿ ನಿಜವಾಗ್ಲೂ ಏರ್‌ಬ್ಯಾಗ್ ಇದ್ಯೋ, ಜುಗಾಡ್ ಬ್ರೋ ರೆಸಿಸ್ಟರ್ ಇದ್ಯೋ ಹೇಗೆ ಗೊತ್ತಾಗುದು?

ಜುಗಾಡ್_30

ನನ್ನ ಹೆಸರು ತರಬೇಡಿ ಮಾರಾಯ್ರೆ 😑

ಹಳದಿ_ವೈರು

ಮೊದಲ ಪರೀಕ್ಷೆ ಪುಕ್ಕಟೆ. ಕೀ ಆನ್ ಮಾಡಿ, ಇಂಜಿನ್ ಶುರು ಮಾಡಬೇಡಿ, ಏರ್‌ಬ್ಯಾಗ್ ಲೈಟ್ ಹತ್ತಿ ಕೆಲವು ಸೆಕೆಂಡ್ ಬಿಟ್ಟು ಆರಬೇಕು. ಹತ್ತದೇ ಇದ್ರೆ ಬಲ್ಬ್ ಕಿತ್ತಿದ್ದಾರೆ ಅಂತ ತಿಳ್ಕೊಳ್ಳಿ. ಇಂಜಿನ್ ಆಯಿಲ್ ಲೈಟ್ ಜೊತೆಗೇ ಹತ್ತಿ ಅದರ ಜೊತೆಗೇ ಆರಿದ್ರೂ ಅನುಮಾನ, ಕೆಲವ್ರು ಆ ಲೈಟಿಂದ ಈ ಲೈಟಿಗೆ ವೈರ್ ಎಳೆದು ಬಿಡ್ತಾರೆ. ಸ್ಟೇರಿಂಗ್ ಮಧ್ಯದ ಕವರ್ ಬಣ್ಣ ಉಳಿದ ಪ್ಲಾಸ್ಟಿಕ್ಕಿಗೆ ಹೊಂದ್ತದಾ ನೋಡಿ, ಡ್ಯಾಶ್‌ಬೋರ್ಡಲ್ಲಿ ಪ್ಯಾಸೆಂಜರ್ ಸೈಡ್ ಏರ್‌ಬ್ಯಾಗ್ ಜಾಗಕ್ಕೆ ಕೈಯಾಡಿಸಿ, ಫೈಬರ್ ಹಚ್ಚಿ ಪಾಲಿಶ್ ಹೊಡೆದಿದ್ರೆ ಬೆರಳಿಗೇ ಗೊತ್ತಾಗ್ತದೆ. ಸೀಟ್ ಬೆಲ್ಟ್ ಪೂರ್ತಿ ಎಳೆದು ಬಿಡಿ, ಒಂದ್ಸಲ ಆಕ್ಸಿಡೆಂಟಲ್ಲಿ ಕೆಲಸ ಮಾಡಿದ ಪ್ರಿಟೆನ್ಶನರ್ ಇದ್ರೆ ಬೆಲ್ಟ್ ಹೆಚ್ಚಾಗಿ ಬಿಗಿದುಕೊಂಡು ಕೂತಿರ್ತದೆ. ಹೌದು, ಬೆಲ್ಟ್ ಎಳೆಯೋ ಆ ಪ್ರಿಟೆನ್ಶನರಲ್ಲೂ ಮದ್ದೇ ಇರುದು, ಏರ್‌ಬ್ಯಾಗಿಗೆ ಹೇಳಿದ ಎಲ್ಲ ಅದಕ್ಕೂ ಅನ್ವಯ. ಇಷ್ಟು ಮಾಡಿ ಆಮೇಲೆ ಸ್ಕ್ಯಾನರ್ ಹಾಕ್ಸಿ, ಮಾಡ್ಯೂಲಲ್ಲಿ ಕ್ರ್ಯಾಶ್ ಡೇಟಾ ಉಳಿದಿದ್ರೆ ಅಲ್ಲೇ ಕಾಣ್ತದೆ. ರೆಸಿಸ್ಟರ್ ಹಾಕಿದ್ದು ಮಾತ್ರ ಸ್ಕ್ಯಾನರಿಗೂ ಕಾಣೂದಿಲ್ಲ, ಅದನ್ನ ಕವರ್ ಬಿಚ್ಚಿ ಕಣ್ಣಲ್ಲೇ ನೋಡ್ಬೇಕು.

ಮತ್ತೆ 2015ರ ಬೇಸ್ ಮಾಡೆಲ್ ಆದ್ರೆ ಏರ್‌ಬ್ಯಾಗೇ ಇಲ್ಲದೆ ಇರ್ಬಹುದು, ಮೋಸ ಅಂತ ಜಗಳ ಮಾಡಬೇಡಿ. ನಮ್ಮಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದೇ 2019ರ ಜುಲೈ 1ರಿಂದ, ಪಕ್ಕದ ಸೀಟಿಂದು 2021ರಲ್ಲಿ.

ಶರಾವತಿ_47

2015 ಅಂದ್ರಲ್ಲ, ಇನ್ನೊಂದು ನೋಡಿ. ತಕಾಟ ಅಂತ ಜಪಾನ್ ಕಂಪನಿಯ ಏರ್‌ಬ್ಯಾಗ್ ಕಥೆ ಕೇಳಿರ್ಬಹುದು. ಅವರ ಇನ್‌ಫ್ಲೇಟರಲ್ಲಿ, ಅಂದ್ರೆ ಮದ್ದಿನ ಡಬ್ಬಿಯಲ್ಲಿ, ಅಮೋನಿಯಂ ನೈಟ್ರೇಟ್ ಮದ್ದು, ವರ್ಷಗಟ್ಟಲೆ ಸೆಕೆ ಮತ್ತೆ ತೇವ ತಿಂದು ಅದು ಕೆಟ್ಟು, ಸಿಡಿಯುವಾಗ ಅಳತೆ ಮೀರಿ ಉರಿದು ಲೋಹದ ಡಬ್ಬಿಯನ್ನೇ ಒಡೆದು ಚೂರು ಹಾರ್ಸ್ತಿತ್ತು. ಕಾಪಾಡಬೇಕಾದ್ದೇ ಕೊಂದ ಹಾಗೆ. ಕಂಪನಿ 2017ರಲ್ಲಿ ದಿವಾಳಿ ಆಯ್ತು. ಸೆಕೆ ಮತ್ತೆ ತೇವ ಅಂದ್ರೆ ಯಾವೂರು ಅಂತ ನಾ ಬೇರೆ ಹೇಳ್ಬೇಕಾ, ಹೊನ್ನಾವರದಲ್ಲಿ ಮೇ ತಿಂಗಳಲ್ಲಿ ಹೊರಗೆ ನಿಲ್ಸಿದ ಕಾರಿನ ಬಾಗಿಲು ತೆಗೆದ್ರೆ ಭತ್ತ ಬೇಯಿಸೋ ಹಂಡೆ ಮುಚ್ಚಳ ತೆಗೆದ ಹಾಗೆ ಬರ್ತದೆ.

ಇದ್ರಲ್ಲಿ ಮುಖ್ಯ ಎಂತಾ ಅಂದ್ರೆ ಆ ತೊಂದ್ರೆಗೆ ಲೈಟ್ ಹತ್ತೂದಿಲ್ಲ. ಲೈಟ್ ನೋಡುದು ಕರೆಂಟಿನ ದಾರಿ ಮಾತ್ರ, ಮದ್ದು ಹಾಳಾಗಿದ್ಯಾ ಅಂತ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಆರ್‌ಸಿಯಲ್ಲಿರೋ 17 ಅಕ್ಷರದ ಚಾಸಿ ನಂಬರ್ ತಕೊಂಡು ಆಯಾ ಕಾರ್ ಕಂಪನಿ ವೆಬ್‌ಸೈಟಲ್ಲಿ ರೀಕಾಲ್ ಇದ್ಯಾ ನೋಡಿ. ಇದ್ರೆ ಪುಕ್ಕಟೆ ಬದಲಾಯಿಸಿ ಕೊಡ್ತಾರೆ, ಎಷ್ಟನೇ ಓನರ್ ಆದ್ರೂ. ಹೋಂಡಾ ಟೊಯೊಟಾ ಎಲ್ಲ ಭಾರತದಲ್ಲೂ ಗಾಡಿ ವಾಪಸ್ ಕರೆಸಿ ಹಾಕಿಕೊಟ್ಟಿದ್ದಾರೆ.

ಸಿರ್ಸಿ_ಪೇಟೆ

ಇಷ್ಟೆಲ್ಲ ಮಾತಾಡ್ತಾ ಇದ್ದಿ, ಸೀಟ್ ಕವರ್ ಬಗ್ಗೆ ಯಾರೂ ಹೇಳಿದ್ದಿಲ್ಲೆ. ತಮಾ, ನಿಂದು ಆರು ಏರ್‌ಬ್ಯಾಗ್ ಗಾಡಿ, ಸೀಟಿನ ಬಗಲಲ್ಲೇ ಒಂದು ಚೀಲ ಇದ್ದು. ಅದ್ರ ಮೇಲೆ ದಪ್ಪ ರೆಕ್ಸಿನ್ ಕವರ್ ಹೊಲ್ಸಿ ಹಾಕಿದ್ರೆ ಅದು ಹೊರಗೆ ಬಪ್ಪುದು ಹೆಂಗೆ? ಹಾಕ್ತೆ ಅಂದ್ರೆ ಬಗಲಿಗೆ ಹೊಲಿಗೆ ಬಿಚ್ಚಿಕೊಳ್ಳೋ ಥರದ್ದು ಹಾಕು. ಮತ್ತೆ ಮುಂದೆ ದಪ್ಪ ಪೈಪಿನ ಗಾರ್ಡ್ ಹಾಕಿದ್ರೆ ತೆಗೆದು ಗುಜರಿಗೆ ಕೊಡು, ಪೆಟ್ಟು ಸೆನ್ಸರಿಗೆ ಸರಿ ತಲುಪ್ತಿಲ್ಲೆ ಅದರಿಂದ. ಡ್ಯಾಶ್‌ಬೋರ್ಡ್ ಮೇಲೆ ಗಣಪತಿ ಇದ್ರೆ ಏರ್‌ಬ್ಯಾಗ್ ಮುಚ್ಚಳದ ಮೇಲಿಂದ ಬದಿಗೆ ಕೂರ್ಸು, ಇಲ್ಲದಿದ್ರೆ ಅವನೇ ಮುಖಕ್ಕೆ ಹಾರಿ ಬತ್ತ.

ಕೋಡಿಬಾಗ_ಕಾರು

ಎಲ್ರಿಗೂ ಅಪ್‌ಡೇಟ್. ಹನ್ನೆರಡು ದಿನ ಆಯ್ತು, ತಡ ಆದದ್ದಕ್ಕೆ ಕ್ಷಮಿಸಿ.

ಭಾನುವಾರ ಹಳದಿ ವೈರು ಅಣ್ಣ ಹೇಳಿದ ಹಾಗೇ ಮೈನಸ್ ತೆಗೆದು, ಚಾ ಕುಡಿದು (ಎರಡು ಚಾ), ಟಾರ್ಚ್ ಹಾಕಿ ಡ್ರೈವರ್ ಸೀಟ್ ಅಡಿ ನೋಡಿದೆ. ಹಳದಿ ಕನೆಕ್ಟರ್ ಕಂಡ್ತು. ಅದರ ಅಡಿಗೆ ಎಂತದೋ ಬೂದು ಮುದ್ದೆ ಅಂಟಿಕೊಂಡಿತ್ತು, ಸಗಣಿ ಒಣಗಿದ ಹಾಗೆ. ಬೆರಳಲ್ಲಿ ಮೆಲ್ಲ ಎಬ್ಬಿಸಿದ್ರೆ ಪೇಪರ್! ಜುಲೈಲಿ ನಾನೇ ತುರುಕಿದ ಪೇಪರ್, ಎಲ್ಲ ತೆಗೆದೆ ಅಂದ್ಕೊಂಡಿದ್ದೆ, ಒಂದು ತುಂಡು ಅಲ್ಲೇ ಉಳಿದು ಹಸಿ ಹಿಡಿದಿಟ್ಟುಕೊಂಡು ಕನೆಕ್ಟರಿಗೆ ಒತ್ತಿ ಕೂತಿತ್ತು. ಅದ್ರ ಮೇಲೆ "ಆಷಾಢ ಭರ್ಜರಿ ರಿಯಾ" ಅಂತ ಜಾಹೀರಾತಿನ ಅರ್ಧ ಇನ್ನೂ ಓದೋಕೆ ಬರ್ತಿತ್ತು. ಕನೆಕ್ಟರ್ ಸಡಿಲ ಏನೂ ಇರ್ಲಿಲ್ಲ, ಲಾಕ್ ಕೂತಿತ್ತು, ಆದ್ರೆ ಅಂಚಲ್ಲಿ ಹಸಿರು ಕಿಲುಬು ಕಾಣ್ತಿತ್ತು. ಅಲ್ಲಿಗೆ ಕೈ ಬಿಟ್ಟೆ, ಬಿಚ್ಚಲಿಲ್ಲ.

ಬುಧವಾರ ಹೇಗೂ ಹುಬ್ಬಳ್ಳಿಗೆ ಹೋಗೋದಿತ್ತು, ಅರಬೈಲ್ ಘಟ್ಟ ಹತ್ತಿ ಹೋಗಿ ಕಂಪನಿ ಸರ್ವಿಸಲ್ಲೇ ಕೊಟ್ಟೆ. ಸ್ಕ್ಯಾನ್ ಮಾಡಿದ್ರೆ ಡ್ರೈವರ್ ಸೈಡ್ ಬಗಲಿನ ಏರ್‌ಬ್ಯಾಗ್, ರೆಸಿಸ್ಟೆನ್ಸ್ ಹೆಚ್ಚು ಅಂತ ಬಂತು. ಡಮ್ಮಿ ಹಾಕಿದ್ರು, ಕೋಡ್ ಹೋಗ್ಲಿಲ್ಲ, ಅಂದ್ರೆ ಏರ್‌ಬ್ಯಾಗ್ ಸರಿ ಇದೆ, ವೈರಿಂಗ್ ಕಡೆಯ ಪಿನ್ ಕಿಲುಬು ತಿಂದಿದೆ. ಈ ಮಾಡೆಲ್ಲಿಗೆ ಕಂಪನಿಯದ್ದೇ ಕನೆಕ್ಟರ್ ರಿಪೇರಿ ಕಿಟ್ ಬರ್ತದಂತೆ, ತರಿಸೋಕೆ ನಾಲ್ಕು ದಿನ, ಎಲ್ಲ ಸೇರಿ ಮೂರು ಸಾವಿರದ ಇನ್ನೂರು ಆಯ್ತು. ಇಡೀ ಫ್ಲೋರ್ ವೈರಿಂಗ್ ಬದಲಿಸಬೇಕಾಗಿದ್ರೆ ಅದರ ಎಷ್ಟೋ ಪಟ್ಟು ಅಂದ್ರು.

ಹಾರ್ನ್? ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಣ್ಣ 😄 ಬಂಪರ್ ಹಿಂದೆ ಹಾರ್ನಿನ ಅರ್ತ್ ಬೋಲ್ಟ್ ತುಕ್ಕು ಹಿಡಿದಿತ್ತು. ಅದನ್ನ ನಾನೇ ಬಿಚ್ಚಿ ಉಜ್ಜಿ ಹಾಕಿದೆ, ನನ್ನ ಮೀಟರಿಗೂ ಒಂದು ಕೆಲಸ ಸಿಕ್ತು.

ಹಳದಿ_ವೈರು

ತೊಂಬತ್ತು ಪಾಲು ಅಂದಿದ್ದೆ, ಉಳಿದ ಹತ್ತರಲ್ಲಿ ಬಿದ್ದೆ. ಸಿರ್ಸಿಯವ್ರಿಗೆ ಒಂದು ಚಾ ನನ್ನ ಲೆಕ್ಕದಲ್ಲಿ.

ಒಂದು ಕೇಳ್ತೆ, ಡ್ರೈವರ್ ಸೈಡಲ್ಲಿ ಸಿಕ್ತು ಸರಿ. ಪಕ್ಕದ ಸೀಟ್ ಅಡಿಗೂ ಪೇಪರ್ ತುರುಕಿದ್ರಾ?

ಕೋಡಿಬಾಗ_ಕಾರು

ಅಯ್ಯೋ.

ಟಾರ್ಚ್ ಎಲ್ಲಿಟ್ಟೆ ನೋಡ್ತೆ.